ಬಲಗೈಗೆ ಗೋಡೆ

ಸಾಂಗ್ಮೊಳನ್ನು ಆ ಊರಿನಲ್ಲಿ ಯಾರೂ ಸಾಂಗ್ಮೊ ಎಂದು ಕರೆಯುತ್ತಿರಲಿಲ್ಲ. ಚೊಚ್ಚಲ ಮಗು ಹುಟ್ಟಿದ ಮೇಲೆ ಅವಳು ಎಲ್ಲರಿಗೂ ಗ್ಯಾಲ್ಬುನ ಆಮಾ, ಗ್ಯಾಲ್ಬುವಿನ ತಾಯಿ. ಗ್ಯಾಲ್ಬು ಹೋಗಿ ಮೂರು ವರ್ಷವಾಗಿತ್ತು. ಚೌರಿ ದನಗಳನ್ನು ಹೊಡೆದುಕೊಂಡು ಬರಲು ಹೋದವನ ಮೇಲೆ ಎದುರು ಗುಡ್ಡದ ಮಗ್ಗುಲು ಕುಸಿದಿತ್ತು. ಹದಿನಾಲ್ಕು ವರ್ಷದ ಹುಡುಗ. ಅವನ ಜೊತೆ ಇನ್ನೂ ಹತ್ತು ಜನ ಹೋದರು. ಆದರೆ ರೂಢಿ ಹೋಗಲಿಲ್ಲ. ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ಗೊಂಪಾ ಮಠದ ಬಾಗಿಲಲ್ಲಿ ದಿನಕ್ಕೆ ಇಪ್ಪತ್ತು ಸಲ ಯಾರಾದರೂ ಆ ಹೆಸರು ಹಿಡಿದು ಕೂಗುವರು. ಅವಳು ಓಗೊಡುವಳು. ಓಗೊಟ್ಟಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುವುದು.

ಪ್ರತಿ ಕಾರ್ತಿಕದಲ್ಲಿ ಕಾಠ್ಮಂಡುವಿನ ಜನ ಬಂದು ಆ ಬೆಟ್ಟಗಳಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ ನಡೆಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಮೂರರೊಳಗೆ ಶಾಲೆಯ ಬಯಲಿಗೆ ಮರಳಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಪಟ್ಟಿಯಲ್ಲಿದ್ದ ಹೆಸರು, ಇದ್ದಂತೆಯೇ. ಒಂದೇ ಒಂದು ಸಲ ಆ ಕಣಿವೆಯಲ್ಲಿ ತನ್ನ ಸ್ವಂತ ಹೆಸರು ಗಟ್ಟಿಯಾಗಿ ಕೇಳಬೇಕು ಎಂಬುದು ಸಾಂಗ್ಮೊಳ ಆಸೆ. ಇದನ್ನು ಅವಳು ಎಂಟು ವರ್ಷದ ಮಗಳು ಯಾಂಜಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಓಡಿದಾಗ ತಡವಾಯಿತೆಂದು ಅರ್ಧ ದಾರಿಯಲ್ಲೇ ತಡೆದು ಕಳಿಸಿದ್ದರು. ಆಮೇಲೆ ವರ್ಷವಿಡೀ ಮೇವಿನ ಬುಟ್ಟಿಯನ್ನು ಹಣೆಪಟ್ಟಿಯಿಂದ ಬೆನ್ನಿಗೆ ಹೊತ್ತು ಎಲ್ಲೂ ಇಳಿಸದೆ ಏರು ಹತ್ತಿದ್ದಳು. ತಮ್ಮ ಗೆಸ್ಟ್‌ಹೌಸಿನ ಯಾತ್ರಿಕರಿಗೆ ಅಡುಗೆ ಮಾಡಿ, ಪಾತ್ರೆ ತೊಳೆದು, ಮಗಳನ್ನು ಮಲಗಿಸಿ, ಬೆಳಕು ಹರಿಯುವ ಮುಂಚೆ ಎದ್ದು ಓಡಿದ್ದಳು.

ಓಟದ ದಿನ ಗೆರೆಯ ಹತ್ತಿರ ನಿಂತಾಗ, ಹೊರೆ ಹೊರುವ ಬುದ್ಧಿಮಾನ್ ಪಕ್ಕಕ್ಕೆ ಬಂದು ಹಲ್ಲು ಕಿರಿದ.

"ದಿದಿ, ಇವತ್ತು ಗೆಸ್ಟ್‌ಹೌಸಲ್ಲಿ ಆಲೂಗಡ್ಡೆ ಯಾರು ಬೇಯಿಸ್ತಾರೆ?"

"ನಿನ್ನ ಭಿನಾಜು. ನನ್ನ ಗಂಡ, ಇನ್ಯಾರು?"

"ಅಯ್ಯೋ, ಹಂಗಾದ್ರೆ ಗಿರಾಕಿಗಳೆಲ್ಲ ನಮಗಿಂತ ಮುಂಚೆ ಓಡ್ತಾರೆ ಬಿಡಿ!"

"ಉಸಿರು ಉಳಿಸ್ಕೊಳ್ಳೋ ಭಾಯಿ. ನಿನ್ನ ಹೊರೆ ಇರೋದೆಲ್ಲ ಬಾಯಲ್ಲೇ," ಎಂದಳು ಸಾಂಗ್ಮೊ. ಸುತ್ತಲಿನವರು ನಕ್ಕರು. ಸೀಟಿ ಊದಿದರು.

ಓಟದವರು ದಾರಿಯಲ್ಲಿ ಹಾಕಿದ್ದ ಮೊದಲ ಎರಡು ತಪಾಸಣೆ ಠಾಣೆಗಳಲ್ಲಿ ಎದೆಗೆ ಕಟ್ಟಿದ ಅಂಕಿಯ ಬಟ್ಟೆಯ ಮೇಲೆ ಹಸಿರು ಮುದ್ರೆ ಒತ್ತಿಸಿಕೊಂಡಳು. ಕಾಲು ಹೇಳಿದ ಮಾತು ಕೇಳುತ್ತಿತ್ತು. ಸೊಂಟದ ಚೀಲದಿಂದ ಹುರಿದ ಜವೆಗೋಧಿಯ ಚಂಪಾ ಹಿಟ್ಟಿನ ಉಂಡೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಪೈನ್ ಕಾಡು ದಾಟಿ, ಊರಿನವರೇ ಕಟ್ಟಿದ ಮಣಿಗೋಡೆಯ ಬುಡಕ್ಕೆ ಬಂದಳು.

ಆಳೆತ್ತರದ ಆ ಉದ್ದನೆಯ ಗೋಡೆ ಮಂತ್ರ ಕೆತ್ತಿದ ಕಲ್ಲುಗಳದು. ಗುಡ್ಡ ಕುಸಿದ ವರ್ಷ ಹನ್ನೊಂದು ಹೊಸ ಕಲ್ಲುಗಳನ್ನು ಸೇರಿಸಿ, ಸತ್ತವರ ಹೆಸರು ಕೆತ್ತಿಸಿದ್ದರು. ದಾರಿ ಅಲ್ಲಿ ಎರಡಾಗಿ ಗೋಡೆಯ ಎರಡೂ ಬದಿಗೆ ಸಾಗಿ, ಮೇಲಿನ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ಏರುವವರಿಗೆ ಎಡದ ದಾರಿ, ಇಳಿಯುವವರಿಗೆ ಇನ್ನೊಂದು. ಹೇಗೆ ಹೋದರೂ ಪ್ರದಕ್ಷಿಣೆಯಂತೆ ಗೋಡೆ ಬಲಗೈಗೇ ಇರಬೇಕು; ಎಡಕ್ಕೆ ಬಿಟ್ಟರೆ ಅಗೌರವ. ದಾರಿ ತೋರಿಸುವ ಓಟದವರ ಕೆಂಪು ಬಟ್ಟೆಪಟ್ಟಿ ಇಳಿಯುವ ದಾರಿಯ ಪೊದೆಗೆ ಕಟ್ಟಿದ್ದು ಅವಳ ಕಣ್ಣಿಗೆ ಬಿತ್ತು. ಪೇಟೆ ಮಕ್ಕಳು ತಪ್ಪಾಗಿ ಕಟ್ಟಿದ್ದಾರೆ ಅಂದುಕೊಂಡಳು. ಕಾಲು ತಾನಾಗಿ ಎಡಕ್ಕೆ ತಿರುಗಿತು.

ಇಪ್ಪತ್ತು ನಿಮಿಷ ಏರಿ, ಬೆಟ್ಟ ದಾಟುವ ನೆತ್ತಿಯಾದ ಭಂಜ್ಯಾಂಗ್ ತಲುಪಿದಾಗ, ಅಲ್ಲಿನ ಠಾಣೆಯವನು ಅವಳ ಎದೆಯ ಬಟ್ಟೆ ನೋಡಿ ತಲೆಯಾಡಿಸಿದ.

"ಮೂರನೇ ಮುದ್ರೆ ಎಲ್ಲಿ ದಿದಿ?"

"ಮೂರನೇದು ಇದೇ ಅಲ್ವಾ?"

"ಇದು ನಾಲ್ಕನೇದು. ಮೂರನೇದು ಗೋಡೆ ಹತ್ರ. ಡೇರೆ ಇತ್ತಲ್ಲ, ಕಾಣಲಿಲ್ವಾ?"

ಗೋಡೆಯ ಆಚೆ ಬದಿ ಅವಳಿಗೆ ಹೇಗೆ ಕಾಣಬೇಕು? ಪಕ್ಕದ ಬಂಡೆಯ ಮೇಲೆ ಬುದ್ಧಿಮಾನ್ ಮತ್ತು ಊರಿನ ಇನ್ನೂ ನಾಲ್ವರು ಕೂತಿದ್ದರು. ಯಾರ ಎದೆಯ ಮೇಲೂ ಮೂರನೆಯ ಮುದ್ರೆ ಇರಲಿಲ್ಲ.

"ನಮ್ಮೂರಿನವ್ರಷ್ಟೇ ತಪ್ಪಿಸ್ಕೊಂಡಿರೋದು," ಎಂದ ಬುದ್ಧಿಮಾನ್. ಅವನ ನಗು ಅರ್ಧಕ್ಕೇ ನಿಂತಿತ್ತು. "ವಾಪಸ್ ಹೋಗಿ ಒತ್ತಿಸ್ಕೊಂಡು ಬರಬೇಕಂತೆ. ನನ್ನ ಕೈಲಾಗಲ್ಲ ದಿದಿ. ಇಲ್ಲಿಂದ ನೇರ ಮನೆಗೇ."

ಸಾಂಗ್ಮೊ ಲೆಕ್ಕ ಹಾಕಿದಳು. ಇಳಿಯಲು ಹತ್ತು ನಿಮಿಷ, ಏರಲು ಇಪ್ಪತ್ತು. ಮೂರರೊಳಗೆ ಮುಟ್ಟಬೇಕೆಂದರೆ ಅವಳು ಕಳೆಯಬಹುದಾಗಿದ್ದ ಹೆಚ್ಚುವರಿ ಸಮಯ ಮೂವತ್ತೊಂದು ನಿಮಿಷ, ಹೆಚ್ಚೆಂದರೆ ಮೂವತ್ತೆರಡು. ತಿರುಗಿ ಇಳಿಜಾರು ಹಿಡಿದಳು.

ಗೋಡೆಯ ಮೇಲಿನ ತುದಿಗೆ ಬಂದಾಗ ಈಗ ಅವಳು ಇಳಿಯುವವಳು. ಡೇರೆಯಿದ್ದ ದಾರಿ ತಾನಾಗಿಯೇ ಅವಳ ದಾರಿಯಾಯಿತು. ತುದಿಯಿಂದ ಏಳನೆಯದು ಗ್ಯಾಲ್ಬುವಿನ ಕಲ್ಲು. ಓಡುತ್ತಲೇ ಬಲಗೈ ಚಾಚಿ ಅದನ್ನು ಮುಟ್ಟಿದಳು. ಬಿಸಿಲಿಗೆ ಕಾದಿತ್ತು. ತುದಿಯಿಂದ ಮೂವತ್ತು ಹೆಜ್ಜೆ ಕೆಳಗೆ ಡೇರೆ. ಒಳಗಿದ್ದ ಕಾಠ್ಮಂಡುವಿನ ಹುಡುಗಿ ಗಡಬಡಿಸಿ ಎದ್ದಳು.

"ನೂರ ಹದಿನೇಳು! ಆ ಕಡೆ ಓಡೋ ಸದ್ದು ಕೇಳ್ತಾನೇ ಇತ್ತು ದಿದಿ, ನೋಡೋಕೆ ಹೋದ್ರೆ ಯಾರೂ ಇಲ್ಲ. ನನಗೆ ಭಯಾನೇ ಆಯ್ತು." ಮುದ್ರೆ ಒತ್ತಿ, ಗಡಿಯಾರ ನೋಡಿದಳು. "ಬೇಗ ಹೋಗಿ. ಹಿಂಗೇ ಬಂದ ದಾರೀಲೇ ಹತ್ತಿಬಿಡಿ, ಗೋಡೆ ತುದಿಗೆ ಮೂವತ್ತೇ ಹೆಜ್ಜೆ."

ಸಾಂಗ್ಮೊ ಮೇಲೆ ನೋಡಿದಳು. ಮೂವತ್ತೇ ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ಗೋಡೆ ಎಡಗೈಗೆ ಬರುತ್ತದೆ. ಏಳನೆಯ ಕಲ್ಲೂ. ಕೆಳಗಿನ ತುದಿಯವರೆಗೆ ಇಳಿದು, ಬಳಸಿ, ಆಚೆ ಬದಿಯಿಂದ ಹತ್ತಬೇಕೆಂದರೆ ಮೂರು ನಿಮಿಷ ಹೆಚ್ಚು.

"ಯಾಕೆ ನಿಂತ್ರಿ? ಕಾಲು ಉಳುಕ್ತಾ?"

ಇಲ್ಲ ಎಂದು ತಲೆಯಾಡಿಸಿದಳು. ಯಾರು ನೋಡುತ್ತಾರೆ? ಈ ಹುಡುಗಿಗೆ ಗೊತ್ತೂ ಆಗುವುದಿಲ್ಲ. ಗೊಂಪಾದ ಲಾಮಾ ಕೇಳಿದರೂ ಮನಸ್ಸು ಒಳ್ಳೆಯದಾಗಿದ್ದರೆ ಪರವಾಗಿಲ್ಲ ಅಂದಾರು. ವರ್ಷವಿಡೀ ಹೊತ್ತ ಮೇವು, ನಿದ್ದೆಗೆಟ್ಟ ಬೆಳಗುಗಳು ಎಲ್ಲ ಆ ಮೂವತ್ತು ಹೆಜ್ಜೆಯ ಆಚೆಗಿದ್ದವು. ಒಂದು ಹೆಜ್ಜೆ ಮೇಲಕ್ಕೆ ಇಟ್ಟಳು ಕೂಡ. ಗೋಡೆ ಎಡಭುಜಕ್ಕೆ ಬಂತು. ಬದುಕಿದ್ದಾಗ ಗ್ಯಾಲ್ಬು ಎದುರು ಬಂದರೆ ಮುಖ ತಿರುಗಿಸಿ ಹೋಗಿದ್ದಳೇ ಎಂದಾದರೂ?

"ದಿದಿ, ಮೇಲೆ! ದಾರಿ ಮೇಲಿದೆ!" ಹುಡುಗಿ ಕೂಗುತ್ತಿದ್ದಂತೆ ಸಾಂಗ್ಮೊ ಕೆಳಗಿನ ತುದಿಯತ್ತ ಓಡಿದಳು. ಗೋಡೆಯನ್ನು ಬಳಸಿ ಆಚೆ ಬದಿಗೆ ಬಂದು ಏರತೊಡಗಿದಾಗ, ಮೊದಲ ಸಲಕ್ಕಿಂತ ಗೋಡೆ ಬಹಳ ಉದ್ದವೆನಿಸಿತು.

ಆಮೇಲಿನದನ್ನು ಅವಳು ಸರಿಯಾಗಿ ನೆನೆಸಿಕೊಳ್ಳಲಾರಳು. ಭಂಜ್ಯಾಂಗಿನಲ್ಲಿ ಮುದ್ರೆ ಬಿತ್ತು. ಇಳಿಜಾರಿನಲ್ಲಿ ಬಲ ಮಂಡಿ ಕೈಕೊಟ್ಟಿತು. ತೂಗುಸೇತುವೆಯ ಮೇಲೆ ಕತ್ತೆಗಳ ಸಾಲಿಗೆ ದಾರಿ ಬಿಡದೆ ನುಗ್ಗಿ ಬೈಸಿಕೊಂಡಳು. ಶಾಲೆಯ ಬಯಲು ಕಂಡಾಗ ಅಲ್ಲಿ ಚಪ್ಪಾಳೆ ಇರಲಿಲ್ಲ. ಗಡಿಯಾರ ಮೂರು ದಾಟಿ ಎರಡು ನಿಮಿಷ ತೋರಿಸುತ್ತಿತ್ತು.

ಆ ಎರಡು ನಿಮಿಷ ಯಾವುವು ಎಂದು ಅವಳಿಗೆ ಗೊತ್ತಿತ್ತು.

ಮೈಕಿನ ಮುಂದೆ ಕೂತಿದ್ದವರು ಊರ ಶಾಲೆಯ ರಿಂಜಿನ್ ಮೇಷ್ಟ್ರು. ಪಟ್ಟಿಯನ್ನು ಆಗಲೇ ಸಂಘಟಕರು ಒಯ್ದಿದ್ದರು. ತಂತಿ ಸುತ್ತುತ್ತಿದ್ದ ಮೇಷ್ಟ್ರು ಕುಂಟುತ್ತ ಬರುವ ಹೆಂಗಸನ್ನು ಕಂಡು ಕೈ ನಿಲ್ಲಿಸಿದರು. ಮೈಕು ಇನ್ನೂ ಸತ್ತಿರಲಿಲ್ಲ. ಅದನ್ನು ಎತ್ತಿಕೊಂಡು, ತಮಗೆ ಗೊತ್ತಿದ್ದ ಒಂದೇ ಹೆಸರನ್ನು ಕೂಗಿದರು.

"ಗ್ಯಾಲ್ಬುನ ಆಮಾ ಬಂದ್ರು!"

ಮಾತು ಬಯಲು ದಾಟಿ, ನದಿ ದಾಟಿ, ಕುಸಿದ ಗುಡ್ಡದ ಬೋಳು ಮಗ್ಗುಲಿಗೆ ಬಡಿಯಿತು. ಗ್ಯಾಲ್ಬು ಎಂಬಷ್ಟು ಮಾತ್ರ ತಿರುಗಿ ಬಂತು. ಮಂಡಿಯ ಮೇಲೆ ಕೈಯೂರಿ ಬಾಗಿದ್ದ ಸಾಂಗ್ಮೊ ತಲೆಯೆತ್ತಿ, ಅದು ಅಡಗುವವರೆಗೂ ಆ ಕಡೆಗೇ ಕಿವಿಗೊಟ್ಟಳು. ಚುಚ್ಚಲಿಲ್ಲ ಎನ್ನಲಾಗದು. ಆದರೆ ಆ ಹೆಸರಿಗೆ ಮೂರು ವರ್ಷದಲ್ಲಿ ಮೊದಲ ಬಾರಿ ಅವಳು ತಾನಾಗಿ ಕೈ ಎತ್ತಿದಳು.

ಯಾಂಜಿ ಓಡಿಬಂದು ಅವಳ ಸೊಂಟ ತಬ್ಬಿದಳು. ಮಗುವಿನ ಮುಖ ಬಾಡಿತ್ತು.

"ನಿನ್ನ ಹೆಸರು ಕೂಗಲೇ ಇಲ್ಲ ಆಮಾ. ಮೇಷ್ಟ್ರಿಗೆ ಹೇಳ್ಲಾ?"

"ಬೇಡ ಬಿಡು," ಎಂದಳು ಸಾಂಗ್ಮೊ. "ಕೂಗಿದಾರೆ. ನೀರು ಕೊಡು ಮೊದ್ಲು."