ಸರಸ್ವತಮ್ಮ ಬೂಟು ತೊಳೆದದ್ದು

೧೯೮೧ರಲ್ಲಿ ನಿಟ್ಟೂರಿನ ಪ್ರೈಮರಿ ಸ್ಕೂಲಿಗೆ ಟೀಚರಾಗಿ ಬಂದ ವನಜಳಿಗೆ ಸ್ಕೂಲಿನ ಪಕ್ಕದಲ್ಲೇ ಬಾಡಿಗೆ ಕೋಣೆ ಸಿಕ್ಕಿತು. ಸಿಕ್ಕಿದ್ದು ಸರಸ್ವತಮ್ಮನವರ ಮನೆಯಲ್ಲಿ. ಅವರ ಮಡಿಗೆ ಆ ಬೀದಿಯ ನಾಯಿಗಳೂ ಹೆದರುತ್ತಿದ್ದವು.

ವನಜಳ ಬಲಗಾಲು ಮೂರನೇ ವಯಸ್ಸಿನಲ್ಲೇ ಪೋಲಿಯೋಗೆ ಹೋಗಿತ್ತು, ಎಡಗಾಲೂ ಅಷ್ಟಕ್ಕಷ್ಟೆ. ತೊಡೆಯಿಂದ ಇಳಿದ ಕಬ್ಬಿಣದ ಸರಳು, ಚರ್ಮದ ಪಟ್ಟಿ, ಸರಳಿಗೇ ಜೋಡಿಸಿದ ಕರಿ ಬೂಟು, ಇಷ್ಟೂ ಸೇರಿ ಅವಳ ಕ್ಯಾಲಿಪರ್. ಬೂಟು ಬಿಚ್ಚಬೇಕೆಂದರೆ ಕ್ಯಾಲಿಪರನ್ನೇ ಬಿಚ್ಚಬೇಕು. ಹಾಗಾಗಿ ಬೀದಿಯಲ್ಲಿ ತಲೆಯೆತ್ತಿ ನಡೆಯುವವಳು ಹೊಸ್ತಿಲು ದಾಟಿದ ಕೂಡಲೇ ತೆವಳಬೇಕು. ಊರ್ಡಿಗೆರೆಯ ಅಪ್ಪನ ಮನೆಯಲ್ಲೂ ಅದೇ ಕಥೆ. ಕೆಲಸ ಸಿಕ್ಕಮೇಲಾದರೂ ಮನೆಯೊಳಗೆ ಎಲ್ಲರಂತೆ ನಡೆಯಬೇಕೆಂಬುದು ಅವಳ ಒಂದೇ ಆಸೆಯಾಗಿತ್ತು.

"ನೋಡಮ್ಮಾ, ಬೂಟು ಗೀಟು ಎಲ್ಲ ಬಾಗಿಲಲ್ಲೇ. ದೇವ್ರಿರೋ ಮನೆ," ಎಂದರು ಸರಸ್ವತಮ್ಮ, ಮೆಟ್ಟಿಲ ಮೇಲೆ ನಿಂತು. ಊರಲ್ಲಿ ಸಿಗುವ ಬೇರೆ ಕೋಣೆಗಳೆಲ್ಲ ಸ್ಕೂಲಿಗೆ ದೂರ. ವನಜ ತಲೆಯಾಡಿಸಿದಳು.

ಬಚ್ಚಲು ಹಿತ್ತಲಿನಲ್ಲಿ, ನಡುಮನೆ ದಾಟಿಯೇ ಹೋಗಬೇಕು. ದಿನಾ ಅವಳು ಬಕೆಟ್ಟನ್ನು ಮುಂದೆ ತಳ್ಳುತ್ತಾ ಕೈಯೂರಿ ತೆವಳುವಾಗ ಸರಸ್ವತಮ್ಮ ಮುಖ ತಿರುಗಿಸುತ್ತಿದ್ದರು. ಮೂರು ವಾರ ಹೀಗೆ ಮುಖ ತಿರುಗಿಸಿದರೆ ಕತ್ತೂ ನೋಯುತ್ತದೆ, ಮನಸ್ಸೂ ನೋಯುತ್ತದೆ. ಮಡಿಯವರಿಗೇನು ಕರುಳಿಲ್ಲವೇ?

ಒಂದು ಭಾನುವಾರ ವನಜ ಮಲಗಿದ್ದಾಗ ಅವರು ಕ್ಯಾಲಿಪರನ್ನು ಹಿತ್ತಲಿಗೆ ಒಯ್ದರು. ಸೀಗೆಪುಡಿ ಹಾಕಿ ನಾರಿನಲ್ಲಿ ಗಸಗಸ ಉಜ್ಜಿದರು, ಬೂಟಿನೊಳಗೂ ಹೊರಗೂ ಮೂರು ಕೊಡ ನೀರು ಸುರಿದರು, ಉರಿಬಿಸಿಲಲ್ಲಿ ಒಣಗಿಸಿ ಮತ್ತೆ ಬಾಗಿಲಲ್ಲಿಟ್ಟರು. ಚರ್ಮ ಮುಟ್ಟಿದ್ದಕ್ಕೆ ತಾವೂ ಇನ್ನೊಮ್ಮೆ ತಲೆಗೆ ನೀರು ಹಾಕಿಕೊಂಡರು.

ಸೋಮವಾರ ಬೆಳಗ್ಗೆ ನೋಡಿದರೆ ಬೂಟು ಕೊರಡಾಗಿತ್ತು. ಎಷ್ಟು ತುರುಕಿದರೂ ಕಾಲು ಒಳಗೆ ಹೋಗಲೊಲ್ಲದು. ಅತ್ತ ಪ್ರಾರ್ಥನೆಯ ಗಂಟೆ ಹೊಡೆಯಿತು.

"ಯಾರು ಇದನ್ನ ನೆನೆಸಿದ್ದು?" ವನಜ ಕಿರುಚಿದಳು.

"ನಾನೇ ಕಣಮ್ಮಾ. ತೊಳೆದು ಶುದ್ಧ ಮಾಡಿದ್ರೆ ನೀನು ಒಳಗೂ ಹಾಕ್ಕೊಂಡು ಓಡಾಡಬೋದು ಅಂತ..."

"ಚರ್ಮ ಇದು, ತಾಮ್ರದ ಚೊಂಬಲ್ಲ! ಬೆಂಗಳೂರಲ್ಲಿ ಇನ್ನೊಂದು ಮಾಡ್ಸೋಕೆ ಆರು ತಿಂಗ್ಳು ಬೇಕು. ಅಲ್ಲೀಗಂಟ ಸ್ಕೂಲಿಗೂ ತೆವಳ್ಕೊಂಡ್ ಹೋಗ್ಲಾ?"

ಅವಳಿಗೆ ಅಳು ಬಂತು. ಈ ಮುದುಕಿಯ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲವಲ್ಲ ಎಂದು ಇನ್ನಷ್ಟು ಅಳು ಬಂತು.

ಸರಸ್ವತಮ್ಮ ಸೆರಗು ಹೊದ್ದು ಬೀದಿಗಿಳಿದರು. ಸ್ಕೂಲಿಗೆ ಹೋಗಿ ವನಜಳಿಗೆ ಅರ್ಧ ದಿನ ರಜೆ ಹೇಳಿ, ರೈಲ್ವೆ ಗೇಟಿನ ಬಳಿ ಚಪ್ಪಲಿ ಹೊಲಿಯುವ ಗಂಗಹನುಮಯ್ಯನನ್ನು ಕರೆದುಕೊಂಡೇ ಬಂದರು. ಅವನು ಬೂಟನ್ನು ಒತ್ತಿ, ಬಗ್ಗಿಸಿ, ಮೂಸಿ ನೋಡಿದ.

"ಇನ್ನೂ ಜೀವ ಅದೆ ಬುಡಿ ಅಮ್ಮೋರೆ. ಹರಳೆಣ್ಣೆ ಬೇಕು."

ಸರಸ್ವತಮ್ಮ ತುಂಬಿದ ಸೀಸೆಯನ್ನೇ ತಂದಿಟ್ಟರು. ಅವನು ಜಗಲಿಯ ಮೇಲೆ ಕೂತು ಎಣ್ಣೆ ಸವರಿ ತಿಕ್ಕಿದ, ಮರದ ಅಚ್ಚು ತುರುಕಿ ಹಿಗ್ಗಿಸಿದ, ಮತ್ತೆ ಸವರಿದ. ಮಧ್ಯಾಹ್ನದ ಹೊತ್ತಿಗೆ ಚರ್ಮ ಮೆತ್ತಗಾಗಿ, ಕಾಲು ಒಳಗೆ ಹೋಯಿತು.

"ಒಸಿ ನಡೆದು ನೋಡಿ ಮೇಡಮ್ಮೋರೆ. ಬೀದೀಲಿ ಬ್ಯಾಡಿ, ಎಣ್ಣೆಗೆ ದೂಳು ಮೆತ್ಕೊಂಡ್ರೆ ಮತ್ತೆ ಕೆಡ್ತದೆ."

ಬೀದಿಯಲ್ಲಿ ಬೇಡ ಎಂದರೆ ಇನ್ನೆಲ್ಲಿ? ವನಜ ಹೊಸ್ತಿಲನ್ನು ನೋಡಿದಳು. ಸರಸ್ವತಮ್ಮನವರನ್ನು ನೋಡಲು ಧೈರ್ಯವಾಗಲಿಲ್ಲ.

"ಅದೇನು ನೋಡ್ತಾ ಕೂತೆ? ಒಳಗೆ ನಡಿ," ಎಂದರು ಅವರು.

ವನಜ ಮಂಡಿಯ ಬಳಿಯ ಕೊಂಡಿ ಹಾಕಿ, ಬಾಗಿಲು ಹಿಡಿದು ಎದ್ದು, ಹೊಸ್ತಿಲು ದಾಟಿದಳು. ಕೆಂಪು ಗಾರೆಯ ಮೇಲೆ ಎಣ್ಣೆಯ ಹೆಜ್ಜೆ ಮೂಡಿತು. ಸರಸ್ವತಮ್ಮ ಅದನ್ನು ಕಂಡೂ ಕಾಣದಂತೆ ಅವಳ ಹಿಂದೆಯೇ ಬಂದರು. ನಡುಮನೆಯಲ್ಲಿ ವನಜ ನಿಂತು ತಿರುಗಿದಳು. ಅವಳ ಮುಖ ನೋಡಲು ಸರಸ್ವತಮ್ಮ ಕತ್ತೆತ್ತಬೇಕಾಯಿತು.

"ಅಯ್ಯೋ ಹುಡುಗಿ," ಎಂದರು ಅವರು, "ನೀನು ನನಗಿಂತ ಎತ್ತರ ಇದೀಯಲ್ಲೇ!"