ಉಜ್ಜದೆ ಬಿಟ್ಟ ಬೆಸುಗೆ

ಎಲಾಡಿಯೊ ಯಾವ ಶಿಲ್ಪವನ್ನೂ ಎದುರಿನಿಂದ ನೋಡಿದವನಲ್ಲ. ಮರುಭೂಮಿಯ ನಟ್ಟನಡುವೆ ಉಕ್ಕಿನ ಗೋಡೆಯೊಂದು ಆಕಾಶಕ್ಕೆ ತಲೆಯೆತ್ತಿ ನಿಂತಿರಲಿ, ನಾಲ್ಕು ರಾಜ್ಯಗಳಾಚೆಯಿಂದ ಬಂದ ಜನ ಅದರ ಮುಂದೆ ಕೈಕಟ್ಟಿಕೊಂಡು ಉಸಿರು ಬಿಗಿಹಿಡಿದಿರಲಿ, ಇವನು ಟೋಪಿಯನ್ನು ನನ್ನ ಕೈಗೆ ತುರುಕಿ, ನೆಟ್ಟಗೆ ಅದರ ಬೆನ್ನಿನ ಕಡೆಗೆ ನಡೆದು, ಮೊದಲು ಮಂಡಿಯೂರಿ, ಆಮೇಲೆ ಅಂಗಾತ ಮಲಗಿ, ಅದರ ಹೊಟ್ಟೆಯಡಿಗೆ ತಲೆ ತೂರಿಸುತ್ತಿದ್ದ. ಕಾವಲಿನವರು ಓಡಿ ಬರುತ್ತಿದ್ದರು. ಎಪ್ಪತ್ತೈದರ ಮುದುಕ ಬಿಸಿಲಿಗೆ ತಲೆ ತಿರುಗಿ ಬಿದ್ದನೆಂದುಕೊಂಡು ಪಾಪದವರು ಯಾರೋ ನೀರು ಹಿಡಿದು ಬರುತ್ತಿದ್ದರು. ಅವನೋ ಅಲ್ಲಿಂದಲೇ ಕೂಗುತ್ತಿದ್ದ:

"ಮೇಷ್ಟ್ರೇ, ಬನ್ನಿ ಇಲ್ಲಿ! ಈ ಮೂಲೆ ನೋಡಿ. ಯಾವನೋ ಹಿಂದಿನ ದಿನ ಚೆನ್ನಾಗಿ ಕುಡಿದು ಬಂದು ಬೆಸೆದವ್ನೆ!"

ಅವನ ಮಗಳಿಗೆ ನಾನು ಭೂಗೋಳ ಕಲಿಸಿದ್ದೆ. ಅಂದಿನಿಂದ ನಾನು ಅವನಿಗೆ ಮೇಷ್ಟ್ರು. ನಲವತ್ತು ವರ್ಷಗಳ ಸ್ನೇಹದಲ್ಲಿ ಅವನು ಆ ಬಹುವಚನವನ್ನು ಒಂದು ದಿನವೂ ಬಿಡಲಿಲ್ಲ. ಅದರಲ್ಲಿ ಗೌರವಕ್ಕಿಂತ ಗೇಲಿಯೇ ಹೆಚ್ಚೆಂಬುದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಆಲ್ಪೈನ್ ಊರಿನ ರೈಲುಹಳಿಯಾಚೆ ಅವನದೊಂದು ತಗಡಿನ ಶೆಡ್ಡು. ಅಲ್ಲಿ ಅವನು ದನದ ದೊಡ್ಡಿಯ ಗೇಟುಗಳನ್ನೂ ನೀರಿನ ತೊಟ್ಟಿಗಳನ್ನೂ ಬೆಸೆಯುತ್ತಿದ್ದ. ಕಾಲುಗಳನ್ನು ಅಗಲಿಸಿ, ಹೆಗಲ ಮೇಲೆ ಅದೃಶ್ಯವಾದ ತೊಲೆಯೊಂದನ್ನು ಹೊತ್ತವನ ಹಾಗೆ ತೂಗಿ ತೂಗಿ ನಡೆಯುವನು. ಅವನ ಜೀನ್ಸ್ ಕೋಟಿನ ಎದೆಯ ತುಂಬ ಕಿಡಿ ಹಾರಿ ಸುಟ್ಟ ಸಾಸಿವೆಗಾತ್ರದ ತೂತುಗಳು. ಮಗಳು ಮೂರು ಹೊಸ ಕೋಟು ಕಳಿಸಿದರೂ ಮೂರೂ ಗೂಟದಲ್ಲೇ ಮುದಿಯಾದವು. ಇನ್ನು ಅವನ ತಲೆಯಾಡಿಕೆಯ ಪುರಾಣ ಬೇರೆಯೇ. ಎರಡು ಕೈಗೂ ಕೆಲಸವಿರುವಾಗ ಬೆಸುಗೆಯವರು ಮುಖಗವಸನ್ನು ಕೆಳಗಿಳಿಸಲು ತಲೆಯನ್ನು ಒಮ್ಮೆ ಜಗ್ಗನೆ ಬಗ್ಗಿಸುತ್ತಾರೆ. ಅರ್ಧ ಶತಮಾನ ಹಾಗೆ ಬಗ್ಗಿಸಿದ ಕತ್ತು ಮುಖಗವಸಿಲ್ಲದಾಗಲೂ, ಏನಾದರೂ ಗಾಢವಾಗಿ ಯೋಚಿಸುವಾಗಲೆಲ್ಲ, ತಾನಾಗಿ ಬಗ್ಗುತ್ತಿತ್ತು. ಅರಿಯದವರು ಅದನ್ನು ಸಮ್ಮತಿಯೆಂದು ತಿಳಿಯುತ್ತಿದ್ದರು. ಒಮ್ಮೆ ಹರಾಜಿನಲ್ಲಿ ಸುಮ್ಮನೆ ನಿಂತು ಯೋಚಿಸಿದ ತಪ್ಪಿಗೆ, ಕುದುರೆ ಸಾಗಿಸುವ ತೂತುಬಿದ್ದ ಬಂಡಿಯೊಂದು ಇವನ ಕೊರಳಿಗೆ ಬಿತ್ತು. ಇವನ ಹೆಂಡತಿ ಹೊವಿಟಾ ಒಂದು ತಿಂಗಳು ಆ ಬಂಡಿಯ ಕಡೆಗೆ ಕೈ ತೋರಿಸಿ, "ಇನ್ನೊಂದ್ಸಲ ಯೋಚನೆ ಮಾಡ್ಬೇಕು ಅನ್ಸಿದ್ರೆ ಮನೇಲೇ ಮಾಡಿ ಮಹಾರಾಯ್ರೇ" ಎಂದು ಮೂದಲಿಸಿದಳು.

ಹೊವಿಟಾಳ ವಿಷಯ ಹೇಳದೆ ಎಲಾಡಿಯೊನ ಚಿತ್ರ ಪೂರ್ತಿಯಾಗುವುದಿಲ್ಲ. ನಿಜವಾದ ಬೆಸುಗೆಗಾರ್ತಿ ಅವಳೇ.

ನ್ಯೂಯಾರ್ಕಿನ ಕಡೆಯ ಕಲಾವಿದರು ಇಕ್ಕಟ್ಟಿನ ನಗರ ಸಾಕಾಗಿ ನಮ್ಮ ಬಯಲಿಗೆ ಬಂದು, ಪಾಳುಬಿದ್ದ ಉಣ್ಣೆ ಮಳಿಗೆಗಳನ್ನೂ ಐಸ್ ಕಾರ್ಖಾನೆಗಳನ್ನೂ ಕೊಂಡು ನೆಲೆಸಿದ ಕಾಲವದು. ಅವರು ಕಾಗದದ ಮೇಲೆ ಒಂದು ಗೆರೆ ಎಳೆದು ಕೊಡುವರು; ಆ ಗೆರೆಯನ್ನು ಎರಡು ಟನ್ ಉಕ್ಕಾಗಿ ಎಬ್ಬಿಸಿ ನಿಲ್ಲಿಸುವುದು ಈ ದಂಪತಿಗಳ ಕೆಲಸ. ಹೊವಿಟಾ ಎಡಚಿ. ಬೆಸುಗೆಯವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೈಬರಹವಿರುತ್ತದೆ. ಕರಗಿದ ಲೋಹ ಆರಿ ಗಟ್ಟಿಯಾದ ಗೆರೆಯನ್ನು ನೋಡಿ ಇದು ಇಂಥವರದೇ ಎಂದು ಬಲ್ಲವರು ಹೇಳಬಲ್ಲರು. ಹೊವಿಟಾಳ ಗೆರೆ ಬಿಗಿಯಾಗಿ ಹೆಣೆದ ಜಡೆಯಂತೆ ಸಮನಾಗಿ ಸಾಗಿ, ಲೋಕದ ಗೆರೆಗಳೆಲ್ಲ ವಾಲುವುದಕ್ಕೆ ವಿರುದ್ಧ ದಿಕ್ಕಿಗೆ ವಾಲುತ್ತಿತ್ತು. ಆದರೆ ಅದನ್ನು ಕಂಡವರಾರು? ಓಸ್ಟ್ರಾಂಡರ್ ಎಂಬ ಶಿಲ್ಪಿಗೆ ಇವರು ಹನ್ನೆರಡು ವರ್ಷ ದುಡಿದರು. ತನ್ನ ಕೃತಿಯಲ್ಲಿ ಮನುಷ್ಯರ ಕೈ ಎಲ್ಲಿಯೂ ಕಾಣಕೂಡದು, ಉಕ್ಕು ತಾನಾಗಿ ಹುಟ್ಟಿ ನಿಂತಂತಿರಬೇಕು ಎಂಬುದು ಆತನ ಕಟ್ಟುನಿಟ್ಟು. ಪ್ರತಿ ಬೆಸುಗೆಯ ಮೇಲೂ ಉಗುರು ಎಳೆದು ನೋಡುವನು. ಉಗುರು ತಡೆದರೆ ಮತ್ತೆ ಉಜ್ಜಬೇಕು. ಉಜ್ಜುವವನು ಎಲಾಡಿಯೊ.

"ಅವಳು ಬರೀತಿದ್ಲು, ನಾನು ಅಳಿಸ್ತಿದ್ದೆ," ಎಂದು ಅವನು ಒಮ್ಮೆ ನನ್ನೊಡನೆ ಹೇಳಿದ. "ಹನ್ನೆರಡು ವರ್ಷ ಮೇಷ್ಟ್ರೇ. ದಿನಾ ಸಾಯಂಕಾಲ ನನ್ ಕೋಟಿನ ಮೇಲೆ ಕೂತಿರ್ತಿದ್ದ ಧೂಳೆಲ್ಲ ಅವಳ ಕೆಲಸಾನೇ."

ಅವನು ಅಳಿಸದೆ ಬಿಟ್ಟದ್ದು ಒಂದೇ ಒಂದು. ಪೊಸೊ ಬ್ಲಾಂಕೊ ಊರಿನ ಹೊರಗಿನ ಬಯಲಿನಲ್ಲಿ ಓಸ್ಟ್ರಾಂಡರ್‌ನ ಏಳು ಉಕ್ಕಿನ ಬಾಗಿಲುಗಳು ಸಾಲಾಗಿ ನಿಂತಿವೆ. ಐದನೆಯ ಬಾಗಿಲಿನ ಬುಡದಲ್ಲಿ, ಬೆನ್ನಿನ ಕಡೆ, ಮೊಣಕೈಯುದ್ದದ ಒಂದು ಗೆರೆ ಇದೆ. ಲಾರಿ ಬಂದು ನಿಂತಿತ್ತು, ಅದೊಂದು ಉಜ್ಜುವುದು ಬಾಕಿಯಿತ್ತು. ಹೊವಿಟಾ ಮುಖಗವಸು ಮೇಲೆತ್ತಿ, "ಬಿಡಿ ಅದನ್ನ. ಅಷ್ಟು ಕೆಳಗೆ ಬಗ್ಗಿ ನೋಡೋಕೆ ಅವ್ರ ಸೊಂಟ ಎಲ್ಲಿ ಕೇಳುತ್ತೆ? ನನ್ದೂ ಒಂದು ಇರ್ಲಿ," ಎಂದು ಕಣ್ಣು ಮಿಟುಕಿಸಿದಳಂತೆ. ಓಸ್ಟ್ರಾಂಡರ್ ಬಂದ, ಎದೆಮಟ್ಟದ ಬೆಸುಗೆಗಳ ಮೇಲೆಲ್ಲ ಉಗುರಾಡಿಸಿದ, ಸೊಂಟ ಹಿಡಿದುಕೊಂಡು ನಿಟ್ಟುಸಿರುಬಿಟ್ಟ, ಒಪ್ಪಿದ. ಗಂಡ ಹೆಂಡತಿ ಲಾರಿ ಕಣ್ಮರೆಯಾಗುವವರೆಗೂ ನಗು ತಡೆದುಕೊಂಡು ನಿಂತಿದ್ದರು.

ಹೊವಿಟಾ ತೀರಿಕೊಂಡು ಒಂಬತ್ತು ವರ್ಷ. ಅವಳು ಹೋದ ಮರುವರ್ಷದ ಮಾರ್ಚಿನಲ್ಲಿ ಒಂದು ದಿನ ಎಲಾಡಿಯೊ ನನ್ನ ಮನೆಯ ಮುಂದೆ ಪಿಕಪ್ ನಿಲ್ಲಿಸಿ, "ಮೇಷ್ಟ್ರೇ, ಹತ್ತಿ" ಎಂದ. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಕಲೆ ನೋಡೋಕೆ" ಎಂದ. ನನಗೆ ನಗು ಬಂತು. ಆಮೇಲೆ ಪ್ರತಿ ಮಾರ್ಚಿನಲ್ಲೂ ಅದೇ ನಡೆಯಿತು. ಬೀನ್ಸ್ ತುಂಬಿ ಸುತ್ತಿದ ಬುರ್ರಿಟೊ ರೊಟ್ಟಿಗಳನ್ನು ಬೆಳ್ಳಿಕಾಗದದಲ್ಲಿ ಮಡಿಚಿ ಎಂಜಿನ್ನಿನ ಮೇಲೆ ಸಿಕ್ಕಿಸಿ ಹೊರಡುವನು. ಮಾರ್ಫಾ ದಾಟಿ, ವ್ಯಾಲೆಂಟೈನ್ ದಾಟಿ, ನ್ಯೂಮೆಕ್ಸಿಕೊದೊಳಕ್ಕೆ ಹೊಕ್ಕು ಊರಿಂದೂರಿಗೆ ಹೋಗುವಷ್ಟರಲ್ಲಿ ಅವು ಹದವಾಗಿ ಬಿಸಿಯಾಗಿರುತ್ತಿದ್ದವು. ದಾರಿಯುದ್ದಕ್ಕೂ ಇವರು ಬೆಸೆದ ಕೃತಿಗಳು, ಬೇರೆಯವರು ಬೆಸೆದವು. ಎಲ್ಲದರ ಬೆನ್ನನ್ನೂ ನೋಡಿ, ಎಲ್ಲರ ಕೈಯನ್ನೂ ಬೈದು, ಮೂರನೆಯ ದಿನ ಪೊಸೊ ಬ್ಲಾಂಕೊ ತಲುಪುವ ಹೊತ್ತಿಗೆ ಅವನ ಮಾತು ತಾನಾಗಿ ಅಡಗುತ್ತಿತ್ತು. ಐದನೆಯ ಬಾಗಿಲಿನ ಬೆನ್ನಿಗೆ ಹೋಗಿ, ಜನ ಹತ್ತಿರ ಹೋಗದಂತೆ ಕಟ್ಟಿದ ಹಗ್ಗದ ಈಚೆ, ಮಣ್ಣಿನ ಮೇಲೆ ಕೂತುಬಿಡುವನು. ಮುಟ್ಟುವಂತಿಲ್ಲ. ಒಂದು ಗಂಟೆ, ಒಂದೂವರೆ ಗಂಟೆ. ನಾನು ದೂರದಲ್ಲಿ ಅವನ ಟೋಪಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಹೆಂಡತಿಯನ್ನು ಕಳೆದುಕೊಂಡವರು ಗೋರಿಗೆ ಹೂವು ಇಟ್ಟು ಬರುವುದನ್ನು ಕಂಡಿದ್ದೇನೆ. ಅವಳ ಕೈ ಓಡಿದ ದಾರಿಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಮತ್ತೆ ಮತ್ತೆ ನಡೆಯುವವನನ್ನು ಕಂಡಿದ್ದು ಅಲ್ಲಿಯೇ.

ಅಲ್ಲಿ ವಿವರಣೆ ಕೊಡುವ ಹುಡುಗಿ ಪ್ರತಿವರ್ಷವೂ ಪ್ರವಾಸಿಗರಿಗೆ ಹೇಳುತ್ತಿದ್ದಳು: "ಇಲ್ಲಿ ಕಲಾವಿದರು ಬೇಕೆಂದೇ ಒಂದು ಗಾಯ ಉಳಿಸಿದ್ದಾರೆ, ಗಮನಿಸಿ. ಪರಿಪೂರ್ಣತೆಗೇ ಅವರು ಹಾಕಿದ ಸವಾಲು ಇದು." ಜನ ಹೌದೌದು ಎಂದು ಫೋಟೊ ತೆಗೆಯುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಹೇಳೋ! ಇದು ನನ್ನ ಹೆಂಡ್ತಿ ಕೈಕೆಲಸ ಅಂತ ಬಾಯಿಬಿಟ್ಟು ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಸುಮ್ನಿರಿ ಮೇಷ್ಟ್ರೇ, ಆ ಮಗು ಎಷ್ಟು ಚೆನ್ನಾಗಿ ಹೇಳ್ತಿದೆ," ಎಂದು ಅವನು ನನ್ನ ತೋಳು ಚಿವುಟುತ್ತಿದ್ದ.

ಎಂಟು ವರ್ಷ ಅವನ ಕಿವಿ ಕೊರೆದೆ. ಕಳೆದ ಮಾರ್ಚಿನಲ್ಲಿ ಅವನು ಕರೆಯಲು ಬಂದಾಗ ಮನೆಯ ಬಾಗಿಲು ತೆಗೆದು ನೋಡಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ: ಆ ತೂತು ಕೋಟು ಮಾಯವಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಬಂದಿತ್ತು. ಜೇಬಿನಲ್ಲಿ ಹೊವಿಟಾಳ ಫೋಟೊ. ಐದನೆಯ ಬಾಗಿಲಿನ ಪಕ್ಕ ಮುಖಗವಸು ಕಂಕುಳಲ್ಲಿಟ್ಟುಕೊಂಡು, ಎಡಗೈಯಲ್ಲಿ ಬೆಸುಗೆಯ ಹಿಡಿ ಹಿಡಿದು ನಕ್ಕಿದ್ದಾಳೆ. "ನಂಗೂ ವಯಸ್ಸಾಯ್ತು. ನಾನೂ ಹೋದ್ಮೇಲೆ ಹೇಳೋರ್ಯಾರು? ಅವಳ ಹೆಸರು ಒಂದು ಫಲಕದಲ್ಲಿ, ಸಣ್ಣಕ್ಷರದಲ್ಲಿ ಹಾಕಿದ್ರೂ ಸಾಕು," ಎಂದ. ಈ ಸಲ ದಾರಿಯ ಯಾವ ಊರಿನಲ್ಲೂ ಇಳಿಯಲಿಲ್ಲ. ಫೋಟೊ ಬೆವರಿಗೆ ನೆನೆದೀತೆಂದು ಜೇಬಿನಿಂದ ತೆಗೆದು ಪಿಕಪ್ಪಿನ ಮುಂಗಾಜಿನ ಬಳಿ ಇಡುವನು, ಬಿಸಿಲಿಗೆ ಮಾಸೀತೆಂದು ಮತ್ತೆ ಜೇಬಿಗೆ ಸೇರಿಸುವನು.

ಪೊಸೊ ಬ್ಲಾಂಕೊದ ಕಚೇರಿಯಲ್ಲಿ ಮಾರೆನ್ ಎಂಬ ಮೂವತ್ತರ ಹೆಂಗಸು ಕೂತಿದ್ದಳು. ಹಳೆಯ ಕೃತಿಗಳನ್ನು ಕೆಡದಂತೆ ನೋಡಿಕೊಳ್ಳುವ ಕೆಲಸ ಅವಳದು. ಇವನು ಓಸ್ಟ್ರಾಂಡರ್‌ಗಾಗಿ ದುಡಿದವನೆಂದು ಕೇಳಿದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟಳು.

"ಅಯ್ಯೋ, ನಿಮ್ಮಂಥೋರು ಒಬ್ರು ಸಿಕ್ಕಿದ್ರೆ ಸಾಕು ಅಂತ ಎರಡು ತಿಂಗಳಿಂದ ಹುಡುಕ್ತಿದೀನಿ! ಕೂತ್ಕೊಳಿ, ಕೂತ್ಕೊಳಿ."

ಮೇಜಿನ ಮೇಲೆ ಹಳದಿಗಟ್ಟಿದ ನಕ್ಷೆಯೊಂದನ್ನು ಬಿಡಿಸಿದಳು. ಓಸ್ಟ್ರಾಂಡರ್‌ನ ಕಾಗದಪತ್ರಗಳಲ್ಲಿ, ಆತ ತೀರಿಕೊಂಡ ಮೇಲೆ, ಈಚೆಗೆ ಸಿಕ್ಕಿದ್ದಂತೆ. ಎಲ್ಲ ಬೆಸುಗೆಗಳೂ ನುಣುಪಾಗಿರಬೇಕೆಂದು ಅದರಲ್ಲಿ ಬರೆದಿತ್ತು, ಐದನೆಯ ಬಾಗಿಲಿನದೂ ಸೇರಿ.

"ಹಂಗಾದ್ರೆ ಈ ಗೆರೆ ಕೆಲಸದೋರು ಮರೆತು ಬಿಟ್ಟಿದ್ದಾ, ಇಲ್ಲ ಆಮೇಲೆ ಓಸ್ಟ್ರಾಂಡರ್ ಅವ್ರೇ ಮನಸ್ಸು ಬದಲಾಯ್ಸಿ ಉಳಿಸಿದ್ದಾ, ನಮ್ಗೆ ಗೊತ್ತಾಗ್ತಿಲ್ಲ. ತಪ್ಪಿ ಉಳಿದಿದ್ರೆ ಮೇ ತಿಂಗಳಲ್ಲಿ ಉಜ್ಜಿ ಸರಿಮಾಡ್ತೀವಿ. ಅವರ ಇಷ್ಟ ಹೆಂಗಿತ್ತೋ ಹಂಗೇ ಇರ್ಬೇಕಲ್ವಾ? ನೀವು ಅಲ್ಲಿದ್ರಿ. ನೀವೇ ಹೇಳಿ."

ಎಂಟು ವರ್ಷ ಹೇಳು ಹೇಳು ಎಂದು ಪೀಡಿಸಿದ ಪಾಪಿ ನಾನು. ಎಲಾಡಿಯೊನ ಕೈ ಅಷ್ಟರಲ್ಲಾಗಲೇ ಜೇಬಿನ ಗುಂಡಿ ಬಿಚ್ಚಿತ್ತು. ಆ ಕೈ ಅಲ್ಲಿಯೇ ನಿಂತಿತು. ಅವನು ನಕ್ಷೆಯನ್ನು ನೋಡಿದ; ಕಿಟಕಿಯಾಚೆ ಬಾಗಿಲುಗಳನ್ನು ನೋಡಿದ; ಗುಂಡಿಯನ್ನು ಮೆಲ್ಲಗೆ ಮತ್ತೆ ಹಾಕಿಕೊಂಡ.

"ಅವ್ರೇ ಉಳಿಸಿದ್ದು," ಎಂದ. "ನಾನು ಉಜ್ಜೋಕೆ ಹೋಗಿದ್ದೆ. ಓಸ್ಟ್ರಾಂಡರ್ ಸಾಹೇಬ್ರು ಬಗ್ಗಿ ನೋಡಿ, ಬಿಡು, ಇದನ್ನ ಮುಟ್ಬೇಡ, ಇದು ಚೆನ್ನಾಗಿದೆ ಅಂದ್ರು."

ಮಾರೆನ್ ಪಟಪಟನೆ ಬರೆದುಕೊಂಡಳು. "ಬೆಸೆದೋರು ಯಾರು, ನೆನಪಿದ್ಯಾ?"

"ಯಾರೋ ಒಬ್ರು. ಆಗ ಬೇಕಾದಷ್ಟು ಜನ ಬಂದು ಹೋಗ್ತಿದ್ರು, ತಾಯಿ."

ನಾನು ಎದ್ದು ಹೊರಗೆ ಬಂದೆ. ತುಸು ಹೊತ್ತಿನಲ್ಲಿ ಅವರಿಬ್ಬರೂ ಬಂದರು. ಉಪಕಾರ ತೀರಿಸಲೆಂದೋ ಏನೋ, ಅವಳೇ ಹಗ್ಗ ಸರಿಸಿ, ಬೇಕಾದರೆ ಮುಟ್ಟಿ ನೋಡಿ ಎಂದಳು. ಎಲಾಡಿಯೊ ಮಂಡಿಯೂರಿ ಹೆಬ್ಬೆರಳನ್ನು ಆ ಗೆರೆಯ ಬಲತುದಿಗೆ ಇಟ್ಟು, ಎಡಚಿಯೊಬ್ಬಳು ಬೆಸೆಯುವ ವೇಗದಲ್ಲಿ, ನಿಧಾನವಾಗಿ, ಎಡತುದಿಯವರೆಗೆ ಒಯ್ದ. ಒಂದೇ ಸಲ. ಎದ್ದು ಅಂಗಿಯ ಮಣ್ಣು ಕೊಡವಿಕೊಂಡ.

ಪಿಕಪ್ ಊರಿನ ದಾರಿ ಹಿಡಿಯಿತು. ನಾನು ಕಣ್ಣೊರೆಸಿಕೊಳ್ಳುತ್ತಾ, "ನನ್ನನ್ನ ಕ್ಷಮಿಸೋ" ಎಂದೆ.

"ನೀವ್ಯಾಕೆ ಅಳ್ತೀರಿ ಮೇಷ್ಟ್ರೇ? ಹನ್ನೆರಡು ವರ್ಷ ಅವಳ ಕೆಲಸ ಅಳಿಸಿದ ಕೈ ಇದು. ಹೆಂಡ್ತಿ ಕೆಲಸ ಅಂದಿದ್ರೆ ಗಂಡನ ಸಾಕ್ಷಿ ಯಾರು ನಂಬ್ತಿದ್ರು? ಇವತ್ತು ಹೆಸರು ಒಂದು ಅಳಿಸ್ದೆ, ಗೆರೆ ಉಳೀತು." ಆಮೇಲೆ, "ಆದ್ರೂ ಯಾರೋ ಒಬ್ರು ಅಂದ್ಬಿಟ್ನಲ್ಲ," ಎಂದು ಮುಖ ಆಚೆ ತಿರುಗಿಸಿದ.

ಲೋಕದಲ್ಲಿ ಎದ್ದು ನಿಂತಿರುವ ವಸ್ತುಗಳ ಬೆನ್ನಿನಲ್ಲೆಲ್ಲ ಇಂಥವರಿದ್ದಾರೆ. ಕೀರ್ತಿಯ ಆಸೆ ಇಲ್ಲದ ನಿಸ್ಪೃಹರು ಎಂದು ಅವರನ್ನು ಹೊಗಳಿ ನಾವು ಕೈತೊಳೆದುಕೊಳ್ಳುತ್ತೇವೆ. ಅದು ಶುದ್ಧ ಸುಳ್ಳು. ಅವರಿಗೂ ಆಸೆಯಿದೆ. ಇಸ್ತ್ರಿ ಅಂಗಿ ತೊಟ್ಟು, ಜೇಬಿನಲ್ಲಿ ಫೋಟೊ ಇಟ್ಟುಕೊಂಡು ಐನೂರು ಮೈಲಿ ಹೋಗುವಷ್ಟು ಆಸೆ. ಆದರೆ ಪ್ರೀತಿಸಿದವರ ಹೆಸರೋ ಅವರ ಕೈಗುರುತೋ, ಒಂದನ್ನೇ ಆರಿಸಿಕೋ ಎಂದು ಲೋಕ ಕೇಳಿದಾಗ, ಹೆಸರನ್ನು ನುಂಗಿಕೊಂಡು ಮನೆಗೆ ಮರಳುವ ಧೈರ್ಯ ಈ ಜಾತಿಯವರಿಗೆ ಮಾತ್ರ ಇರುತ್ತದೆ. ನನಗೆ ಅಷ್ಟು ಧೈರ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರೂ ಹುಡುಕಿಕೊಂಡು ಹೋಗಿ ಆ ಗೆರೆಗೆ ಕೇಡು ತರಬಾರದೆಂದು ಊರಿನ ಹೆಸರು, ಶಿಲ್ಪಿಯ ಹೆಸರು, ಬಾಗಿಲುಗಳ ಸಂಖ್ಯೆ, ನನ್ನ ಗೆಳೆಯನ ಹೆಸರು ಕೂಡ ಬದಲಿಸಿದ್ದೇನೆ. ಹೊವಿಟಾ ಎಂಬುದನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ. ಅದರಿಂದ ಯಾವ ಅಪಾಯವೂ ಇಲ್ಲ. ಆ ಕಚೇರಿಯ ಯಾವ ಕಡತದಲ್ಲೂ ಆ ಹೆಸರಿಲ್ಲ.