ಕೇಳಿ ತಂದ ಗೂಡು

ರೇಷ್ಮೆ ಬೆಳೆ ನೋಡಲೆಂದು ಜೇವರ್ಗಿ, ಅಫಜಲಪುರದ ರೈತರನ್ನು ಕರೆತಂದ ಟೆಂಪೊ ಕಿಣ್ಣಿ ಸುಲ್ತಾನ ಊರಿಗೆ ಬರುವ ಹೊತ್ತಿಗೆ ಶಿವಕಾಂತಾಳ ಪಡಸಾಲೆಯಲ್ಲಿ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಬಿದಿರಿನ ಆ ದೊಡ್ಡ ತಟ್ಟೆಗಳ ತುಂಬ ಹಳದಿ ರೇಷ್ಮೆಗೂಡು. ಒಂದೂ ಅವಳದಲ್ಲ.

ಅವಳ ಹುಳುಗಳು ಹಿಂದಿನ ವಾರವೇ ಸತ್ತಿದ್ದವು. ತೊಗರಿ ಮಾರಿ ಖಾಲಿಯಾದ ಕೋಣೆಯನ್ನು ತೊಳೆದು, ಸುಣ್ಣ ಬಳಿದು ಅಲ್ಲಿ ಹುಳು ಇಟ್ಟಿದ್ದಳು. ನುಸಿ ಹತ್ತದಿರಲೆಂದು ವರ್ಷ ವರ್ಷವೂ ತೊಗರಿಗೆ ಎರಚಿದ ಪುಡಿ ನೆಲದ ಬಿರುಕುಗಳಲ್ಲಿ ಉಳಿದಿತ್ತು. ಹುಳುಗಳು ತಲೆ ಆಡಿಸುತ್ತ ಹಸಿರು ನೀರು ಕಾರಿ ಬಿದ್ದವು. ರೈತರು ಬರುವ ದಿನ ಆಗಲೇ ನಿಗದಿಯಾಗಿತ್ತು. ಆ ಸೀಮೆಯಲ್ಲಿ ಮೊದಲು ಹಿಪ್ಪುನೇರಳೆ ಹಚ್ಚಿದವನೆಂದು ಹೆಸರಾಗಿದ್ದ ಗಂಡ ಬಸವಂತರಾಯ, ಓಣಿಯಾಚೆಯ ಅಖ್ತರಬೇಗಂಳ ಗೂಡನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದ. ಹುಳು ಸಾಕುವುದನ್ನು ಕಲಿಸಿದ ಮನೆಯವರಿಗೆ ಇಲ್ಲವೆನ್ನಲು ಆಕೆಗೆ ಬಾಯಿ ಬರಲಿಲ್ಲ. ಈಗ ಆಕೆ, ತನ್ನದೇ ಗೂಡು ನೋಡಲು ಬಂದ ಪರವೂರಿನವಳಂತೆ ಬಾಗಿಲ ಬಳಿ ನಿಂತಿದ್ದಳು. ಶಿವಕಾಂತಾ ಅತ್ತ ಕಣ್ಣು ಹಾಯಿಸಲಿಲ್ಲ.

ಬಸವಂತರಾಯ ಹುರುಪಿನಲ್ಲಿದ್ದ. ಕೆಲವು ವರ್ಷಗಳ ಹಿಂದೆ ನಮ್ಮದೂ ನಿಮ್ಮದೂ ಸೇರಿ ಮೂರೂ ತಾಲೂಕಿನಲ್ಲಿ ಈ ಬೆಳೆ ಹುಡುಕಿದರೂ ಸಿಗುತ್ತಿರಲಿಲ್ಲ, ಈಗ ಬಾವಿಯಿದ್ದ ಊರಲ್ಲೆಲ್ಲ ಸೊಪ್ಪು ಕಾಣುತ್ತದೆ, ಕರಜಗಿಯಲ್ಲಿ ಕಬ್ಬು ಕಿತ್ತು ಹಚ್ಚುತ್ತಿದ್ದಾರೆ, ನಾಳೆ ನೂಲು ತೆಗೆಯುವುದೂ ಇಲ್ಲಿಯೇ ಶುರುವಾಗುತ್ತದೆ ಎಂದ.

ಜೇವರ್ಗಿ ಕಡೆಯ ಗುರುಶಾಂತಮ್ಮ ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇವತ್ತೇ ರೇಷ್ಮೆಹುಳುವಿನ ಮೊಟ್ಟೆಗೆ ಹೆಸರು ಬರೆಸಿ ಹೋಗುವೆನೆಂದಳು.

"ನಮ್ಮ ತೊಗರಿ ಖೋಲಿ ಖಾಲಿ ಅದರಿ ಅಕ್ಕಾರ. ಅದರಾಗೇ ಹುಳ ಇಡ್ತೇನಿ."

ಶಿವಕಾಂತಾ ಚಹಾದ ತಾಟು ಕೆಳಗಿಟ್ಟಳು. ಅಲ್ಲಿ ಬೇಡ, ಪುಡಿಯ ವಿಷ ಹೋಗುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ತೊಳೆದು ಸುಣ್ಣ ಹಚ್ಚುತ್ತೇನಲ್ಲ ಎಂದಳು ಗುರುಶಾಂತಮ್ಮ. ಹಚ್ಚಿದರೂ ಸಾಯುತ್ತವೆ, ನಮ್ಮೂರಲ್ಲೇ ಒಬ್ಬರಿಗೆ ಹಾಗಾಗಿದೆ ಎಂದಳು ಶಿವಕಾಂತಾ.

"ಅವರ ಕೈಗುಣ ಅಷ್ಟಕ್ಕಷ್ಟೇ ಇರಬೇಕ್ರಿ. ನಿಮ್ಮಂಥಾ ಕೈ ಎಲ್ಲಾರಿಗೂ ಎಲ್ಲಿ ಬರ್ತದ?"

ಸುತ್ತಲಿನವರು ನಕ್ಕರು. ಬಸವಂತರಾಯನೂ ನಕ್ಕ. ಶಿವಕಾಂತಾ ಗುರುಶಾಂತಮ್ಮನತ್ತ ನೋಡಿದಳು. ಸುಮ್ಮನಿದ್ದರೆ ಈಕೆ ಆ ಕೋಣೆಯಲ್ಲೇ ಹುಳು ಇಡುವವಳು.

"ಸತ್ತಿದ್ದು ನಮ್ಮ ಹುಳಾನೇರಿ," ಎಂದಳು. "ನಮ್ಮ ತೊಗರಿ ಖೋಲ್ಯಾಗೇ. ಈ ಗೂಡು ಅಖ್ತರಬೇಗಂ ಅವರದು."

ನಗು ನಿಂತಿತು. ಟೆಂಪೊದವನನ್ನು ನೋಡಿ ಬರುವೆನೆಂದು ಬಸವಂತರಾಯ ಹೊರಗೆ ಹೋದ. ಎಲ್ಲರ ಕಣ್ಣೂ ಬಾಗಿಲ ಕಡೆ ಹೊರಳಿದಾಗ ಅಖ್ತರಬೇಗಂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಹುಳು ಎಲ್ಲಿ ಇಡುತ್ತೀರಿ ಎಂದು ಗುರುಶಾಂತಮ್ಮ ಆಕೆಯನ್ನೇ ಕೇಳಿದಳು.

"ಮಕ್ಕೊಳ್ಳೂ ಖೋಲ್ಯಾಗ್ರಿ. ನಾವು ಅಂಗಳದಾಗ ಮಕ್ಕೊಂತೇವಿ. ಬರ್ರಿ, ತೋರಸ್ತೇನಿ."

ಒಬ್ಬೊಬ್ಬರಾಗಿ ಹೊರಟರು. ಹೊಸ್ತಿಲ ಮೇಲೆ ಅಖ್ತರಬೇಗಂ ತಿರುಗಿ ನಿಂತಳು.

"ನೀವೂ ಬರ್ರಿ ಅಕ್ಕಾ. ನಿಮ್ಮ ಕಡೆಂದೇ ಕಲ್ತೇನಿ ಅಂತ ಇವರಿಗಿ ಹೇಳಬೇಕಲ್ಲ."

ಬರುತ್ತೇನೆ ಎಂದಳು ಶಿವಕಾಂತಾ. ಯಾರೂ ಮುಟ್ಟದ ಚಹಾದ ಲೋಟಗಳನ್ನು ತಾಟಿನಲ್ಲಿ ಜೋಡಿಸುತ್ತ, ಅವರ ಮಾತು ಓಣಿ ದಾಟುವವರೆಗೂ ಒಳಗೇ ಉಳಿದಳು.